ಆನ್‌ಲೈನ್ ಥೆರಪಿ ಅಂದಾಗ ಆ ಕಡೆ ಯಾರಿದ್ದಾರೆ?

ಈಚೆಗೆ ಹಾಸನದಲ್ಲಿ ಒಂದು ಭಾನುವಾರ ಬೆಳಗ್ಗೆ ಆಶಾ ಕಾರ್ಯಕರ್ತೆಯರು, ಬಿಎಸ್‌ಡಬ್ಲ್ಯೂ, ಅಂದ್ರೆ ಸಮಾಜ ಕಾರ್ಯದ ಡಿಗ್ರಿ ಓದೋ ಹುಡುಗ ಹುಡುಗೀರು, ಒಂದಷ್ಟು ಮೇಷ್ಟ್ರುಗಳು, ಸಕಲೇಶಪುರ ಆಲೂರು ಕಡೆಯಿಂದ ಬಂದಿದ್ದ ಕೆಲವು ತಾಯಂದಿರು, ಇವರ ಮುಂದೆ ಮುಕ್ಕಾಲು ಗಂಟೆ ಮಾತಾಡಿದ್ದೆ. ಬರಕ್ಕಾಗದೇ ಇದ್ದೋರು ಬರೆದು ಕೊಡಿ ಅಂತ ಕೇಳಿದ್ರು, ಅದಕ್ಕೆ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಮಾತಾಡಿದ ಹಾಗೇ ಇದೆ, ಜಾಸ್ತಿ ತಿದ್ದಕ್ಕೆ ಹೋಗಿಲ್ಲ. ನಾನು ಥೆರಪಿ, ಅಂದ್ರೆ ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ, ಮಾಡೋಳು; ನನ್ನ ಹತ್ರ ಬಂದೋರ ವಿಷಯ ಬರೋ ಕಡೆ ಮಾತ್ರ ಗುರುತು ಸಿಗದ ಹಾಗೆ ಊರು, ವಯಸ್ಸು, ಕೆಲಸ ಬದಲಾಯಿಸಿದೀನಿ.

ಎಲ್ರಿಗೂ ನಮಸ್ಕಾರ. ಮಳೆ ಹಿಂಗೆ ಹೊಡೀತಿದ್ರೂ ಬಂದಿದೀರ, ತುಂಬಾ ಸಂತೋಷ. ಇನ್ವಿಟೇಷನ್ನಲ್ಲಿ ಇವತ್ತಿನ ವಿಷಯ "ಆನ್‌ಲೈನ್ ಮನೋಚಿಕಿತ್ಸೆ, ಒಂದು ಪರಿಚಯ" ಅಂತ ಹಾಕಿದಾರೆ. ಪರಿಚಯ ಮಾಡ್ಸಕ್ಕೆ ಅಂತ ಕೂತ್ರೆ ನಾನು ಮೊದಲ್ನೇ ಪದದಲ್ಲೇ ಸಿಕ್ಕಾಕ್ಕೊಳ್ತೀನಿ, ಯಾಕಂದ್ರೆ ಈ ಒಂದೇ ಹೆಸರಲ್ಲಿ ಈಗ ಏಳೆಂಟು ಬೇರೆ ಬೇರೆ ಪದಾರ್ಥ ಓಡಾಡ್ತಿದಾವೆ, ಮತ್ತೆ ಒಂದೇ ಪದಾರ್ಥಕ್ಕೆ ಹತ್ತು ಹೆಸರು ಇದೆ. ಹಂಗಾಗಿ ಇವತ್ತು ಪೂರ್ತಿ ಹೆಸರಿನ ಬಗ್ಗೆನೇ ಮಾತಾಡ್ತೀನಿ. ಹೆಸರಿಗೋಸ್ಕರ ಮುಕ್ಕಾಲು ಗಂಟೆ ಬೇಕಾ ಅನ್ಸಬಹುದು ನಿಮಗೆ. ಒಂದು ಹುಡುಗಿ ವಿಷಯ ಹೇಳ್ತೀನಿ, ಆಮೇಲೆ ನೀವೇ ಹೇಳಿ.

ಸಕಲೇಶಪುರದ ಕಡೆ ಹುಡುಗಿ. ಡಿಗ್ರಿ ಮುಗಿಸಿ ಮನೇಲಿದ್ದೇ ಕೆಲಸ ಮಾಡ್ತಿದ್ಲು. ಅವರಮ್ಮನೇ ಕರ್ಕೊಂಡು ಬಂದಿದ್ರು, ಒಳಗೆ ಬಂದು ಕೂತ ತಕ್ಷಣ ಅವರು ಹೇಳಿದ ಮೊದಲ್ನೇ ಮಾತು, "ಇವಳಿಗೆ ಆನ್‌ಲೈನಲ್ಲಿ ಟ್ರೀಟ್ಮೆಂಟ್ ಮಾಡ್ಸಾಯ್ತು ಮೇಡಂ, ಆರು ತಿಂಗ್ಳು, ಏನೂ ಪ್ರಯೋಜ್ನ ಆಗ್ಲಿಲ್ಲ. ಥೆರಪಿ ಇವಳಿಗೆ ಹಿಡಿಸಲ್ಲ, ಮಾತ್ರೆನೇ ಬರ್ಸಿಕೊಡಿ." ನಾನು ಮಾತ್ರೆ ಬರೆಯೋ ಡಾಕ್ಟರಲ್ಲ ಅಂತ ಅವ್ರಿಗೆ ಹೇಳೋದಕ್ಕೇ ಹತ್ತು ನಿಮಿಷ ಹೋಯ್ತು, ಅದು ಇನ್ನೊಂದು ಹೆಸರಿನ ಗಲಾಟೆ, ಆಮೇಲೆ ಬರ್ತೀನಿ. ಸರಿ, ಯಾರು ನೋಡ್ತಿದ್ರಮ್ಮ ನಿನ್ನನ್ನ ಅಂತ ಹುಡುಗೀನ ಕೇಳ್ದೆ. "ಆ್ಯಪಲ್ಲಿ ಥೆರಪಿ ತಗೋತಿದ್ದೆ ಮ್ಯಾಮ್." ಮಾತಾಡ್ತಿದ್ರಾ? "ಚಾಟ್ ಮಾಡ್ತಿದ್ರು." ಯಾರು ಅಂದ್ರೆ ಫೋನ್ ತೆಗೆದು ತೋರಿಸಿದ್ಲು. ಮೇಲೆ ದುಂಡಗೆ ಒಂದು ನಗೋ ಮುಖದ ಚಿತ್ರ, ಪಕ್ಕದಲ್ಲಿ ಒಂದು ಹೆಣ್ಣಿನ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ "ನಿಮ್ಮ ವೆಲ್‌ನೆಸ್ ಕೋಚ್".

ಅವಳ ಒಪ್ಪಿಗೆ ಕೇಳಿ ಇಬ್ರೂ ಕೂತು ಮೇಲಿಂದ ಓದ್ತಾ ಬಂದ್ವಿ. ರಾತ್ರಿ ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ ಅವಳು ಉದ್ದಕ್ಕೆ ಒಂದು ಪ್ಯಾರಾ ಬರ್ದಿದಾಳೆ, ಅದೇ ನಿಮಿಷದಲ್ಲಿ ಉತ್ತರ ಬಂದಿದೆ. ಅದರ ಕೆಳಗೆ ಅವಳು ಬರೆದಿರೋದು, "ಸಾರಿ, ಇಷ್ಟೊತ್ತಲ್ಲಿ ಡಿಸ್ಟರ್ಬ್ ಮಾಡ್ತಿದೀನಿ." ಇನ್ನೊಂದು ದಿನ ಮತ್ತೆ ಸಾರಿ. ಇನ್ನೊಂದು ವಾರ, "ನೀವು ನಿದ್ದೆನೇ ಮಾಡಲ್ವಾ, ನನ್ನಿಂದ ನಿಮ್ಗೆ ತೊಂದ್ರೆ ಆಗ್ತಿದೆಯಾ." ಮೂರು ಸಲಕ್ಕೂ ಬಂದಿರೋ ಉತ್ತರ ಒಂದೇ ವಾಕ್ಯ, ಒಂದಕ್ಷರ ವ್ಯತ್ಯಾಸ ಇಲ್ಲ. ಆ ಕಡೆ ಮನುಷ್ಯರೇ ಇರ್ಲಿಲ್ಲ, ಪ್ರೋಗ್ರಾಮ್ ಇತ್ತು. ಅವಳು ಸ್ವಲ್ಪ ಹೊತ್ತು ಆ ಮೂರು ಉತ್ತರಾನ ಮೇಲೆ ಕೆಳಗೆ ಮಾಡಿ ನೋಡಿದ್ಲು, ಆಮೇಲೆ ಫೋನ್ ಮಗುಚಿ ತೊಡೆ ಮೇಲಿಟ್ಕೊಂಡು, "ಅಂದ್ರೆ ನಾನು ಹೇಳಿದ್ದನ್ನ ಯಾರೂ ಕೇಳ್ಸ್ಕೊಂಡೇ ಇಲ್ವಾ" ಅಂದ್ಲು.

ನಾನು ಇಲ್ಲಿ ಪ್ರೋಗ್ರಾಮಿನ ಮೇಲೆ ದೂರು ಹೇಳ್ತಿಲ್ಲ. ಅಂಥ ಪ್ರೋಗ್ರಾಮಿಂದ ಸ್ವಲ್ಪ ಸಮಾಧಾನ ಸಿಕ್ಕಿರೋ ಜನಾನೂ ನನಗೆ ಗೊತ್ತು. ನನ್ನ ಸಂಕಟ ಏನಂದ್ರೆ ಆ ಮನೇಲಿ ಈಗ "ಥೆರಪಿ" ಅನ್ನೋ ಪದಾನೇ ಕೆಟ್ಟೋಗಿದೆ. ಆರು ತಿಂಗಳು ಒಂದನ್ನ ಮಾಡಿ, ಅದರ ಫಲಿತಾಂಶಾನ ಅವರು ಯಾವತ್ತೂ ಮಾಡದೇ ಇರೋ ಇನ್ನೊಂದರ ಮೇಲೆ ಹಾಕ್ತಿದಾರೆ. ಅವರ ತಪ್ಪಾ? ಅಲ್ವೇ ಅಲ್ಲ, ಎರಡಕ್ಕೂ ಒಂದೇ ಹೆಸರಿಟ್ಟಿರೋದು ನಾವು, ಈ ಫೀಲ್ಡಲ್ಲಿರೋರು.

ಎಷ್ಟು ಹೆಸರಿದೆ ನೋಡಿ. ಆನ್‌ಲೈನ್ ಥೆರಪಿ, ಇ-ಥೆರಪಿ, ಸೈಬರ್ ಥೆರಪಿ, ವೆಬ್ ಥೆರಪಿ, ಇಂಟರ್ನೆಟ್ ಸಿಬಿಟಿ (ಸಿಬಿಟಿ ಅಂದ್ರೆ ಯೋಚನೆ, ನಡವಳಿಕೆ ಬದಲಾಯಿಸೋ ಒಂದು ಥರದ ಥೆರಪಿ, ಆಮೇಲೆ ಬಿಡಿಸಿ ಹೇಳ್ತೀನಿ), ಕಂಪ್ಯೂಟರೈಸ್ಡ್ ಸಿಬಿಟಿ, ಟೆಲಿಸೈಕಾಲಜಿ, ಟೆಲಿಸೈಕಿಯಾಟ್ರಿ, ಇ-ಕೌನ್ಸೆಲಿಂಗ್, ಡಿಜಿಟಲ್ ಮೆಂಟಲ್ ಹೆಲ್ತ್, ಗೈಡೆಡ್ ಸೆಲ್ಫ್ ಹೆಲ್ಪ್, ಬ್ಲೆಂಡೆಡ್ ಥೆರಪಿ. ಕೇಳಿದ್ರೆ ಎಲ್ಲಾ ಅಣ್ಣತಮ್ಮಂದಿರ ಥರ ಕೇಳ್ಸತ್ತೆ. ಆದ್ರೆ ಬಿಡಿಸಿ ನೋಡಿದ್ರೆ ಒಂದರಲ್ಲಿ ತರಬೇತಿ ಆಗಿರೋ ಥೆರಪಿಸ್ಟ್ ವಿಡಿಯೋ ಕಾಲಲ್ಲಿ ಎದುರು ಕೂತು 50 ನಿಮಿಷ ಮಾತಾಡ್ತಾರೆ, ಇನ್ನೊಂದರಲ್ಲಿ ವಾರಕ್ಕೊಂದು ಪಾಠ ಓದಿ ಅಭ್ಯಾಸ ಬರೆದು ಕಳ್ಸಿದ್ರೆ ಎರಡು ದಿನ ಬಿಟ್ಟು ಒಬ್ರು ಓದಿ ಉತ್ತರ ಬರೀತಾರೆ, ಮತ್ತೊಂದರಲ್ಲಿ ಪಾಠ ಇದೆ ಆದ್ರೆ ಯಾರೂ ಇಲ್ಲ, ಇನ್ನೊಂದು ಬರೀ ಚಾಟ್‌ಬಾಟ್, ಇನ್ನೊಂದರಲ್ಲಿ ನಿಮ್ಮ ಥರದ್ದೇ ಕಷ್ಟ ಇರೋ ಹತ್ತು ಜನ ಒಂದು ಗ್ರೂಪಲ್ಲಿ ಮಾತಾಡ್ಕೊಳ್ತಾರೆ. ಇದರಲ್ಲಿ ಯಾವುದಕ್ಕೂ ನೀವು "ಆನ್‌ಲೈನ್ ಥೆರಪಿ" ಅನ್ನೋ ಬೋರ್ಡ್ ಹಾಕ್ಬಹುದು, ತಡೆಯೋರಿಲ್ಲ.

ಯಂತ್ರಾನ ಮನುಷ್ಯರು ಅಂದ್ಕೊಳ್ಳೋದು ಹೊಸದೇನೂ ಅಲ್ಲ. 1966ರಲ್ಲೇ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನೋರು ಎಲೈಜಾ ಅಂತ ಒಂದು ಪ್ರೋಗ್ರಾಮ್ ಬರೆದ್ರು. ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡಿ ಕೇಳೋದು, ಅಷ್ಟೇ ಅದರ ಕೆಲಸ. ಅಮ್ಮನ ವಿಷಯ ಬರೆದ್ರೆ ನಿಮ್ಮ ಮನೆಯವರ ಬಗ್ಗೆ ಇನ್ನೂ ಹೇಳಿ ಅನ್ನೋದು. ಅದಕ್ಕೇ ಜನ ಮನಸ್ಸು ಬಿಚ್ಚಿ ಮಾತಾಡಕ್ಕೆ ಶುರು ಮಾಡಿದ್ರು, ಅದನ್ನ ನೋಡಿ ವೈಜೆನ್‌ಬಾಮ್ ಅವರಿಗೇ ಗಾಬರಿ ಆಯ್ತು. ಮುಂದೆ ಅವರು ಇಂಥದ್ದರ ಬಗ್ಗೆ ಬಹಳ ಎಚ್ಚರಿಕೆಯಿಂದ ಬರೆದ್ರು. ಆಗ ಪ್ರೋಗ್ರಾಮ್ ಒಂದೇ ಒಂದು ಇತ್ತು, ಈಗ ಪ್ಲೇಸ್ಟೋರ್ ತುಂಬಾ ಇದೆ, ಒಂದೊಂದಕ್ಕೂ ಮುದ್ದಾದ ಹೆಸರು ಬೇರೆ.

ಈ ಗೊಂದಲ ನನ್ನೊಬ್ಬಳ ಕಣ್ಣಿಗೆ ಬಿದ್ದಿದ್ದೇನಲ್ಲ, ಸಂಶೋಧಕರು ಬಹಳ ಹಿಂದೆನೇ ಹೇಳಿದಾರೆ. 2009ರಲ್ಲಿ ಅಜಿ ಬರಾಕ್, ಬ್ರಿಟ್ ಕ್ಲೈನ್, ಜೂಡಿತ್ ಪ್ರೌಡ್‌ಫೂಟ್ ಅಂತ ಮೂರು ಜನ ಸೇರಿ ಒಂದು ಲೇಖನ ಬರೆದು, ಇಂಟರ್ನೆಟ್ಟಲ್ಲಿ ನಡೆಯೋ ಇಂಥದ್ದೆಲ್ಲಾನ ನಾಲ್ಕು ಭಾಗ ಮಾಡೋಣ ಅಂದ್ರು. ವೆಬ್ಬಲ್ಲಿ ಪಾಠದ ಥರ ನಡೆಯೋದು ಒಂದು, ಮನುಷ್ಯರು ಮನುಷ್ಯರ ಜೊತೆ ಮಾಡೋ ಆನ್‌ಲೈನ್ ಕೌನ್ಸೆಲಿಂಗ್ ಮತ್ತೆ ಥೆರಪಿ ಒಂದು, ಸಾಫ್ಟ್‌ವೇರೇ ನಡೆಸೋದು ಒಂದು, ಉಳಿದ ಬ್ಲಾಗು ಗ್ರೂಪು ಇತ್ಯಾದಿ ಒಂದು. ಚೆನ್ನಾಗಿದೆ ಅಲ್ವಾ? ಆದ್ರೆ ಯಾರೂ ಅದಕ್ಕೆ ಕಟ್ಟುಬೀಳ್ಲಿಲ್ಲ. ಹನ್ನೊಂದು ವರ್ಷ ಆದ್ಮೇಲೆ, 2020ರಲ್ಲಿ, ಪೋಲೆಂಡಿನ ಎವೆಲಿನಾ ಸ್ಮೋಕ್ತುನೋವಿಚ್, ಅದೇ ಬರಾಕ್, ಸ್ವೀಡನ್ನಿನ ಗೆರ್‌ಹಾರ್ಡ್ ಆ್ಯಂಡರ್ಸನ್ ಇವರೆಲ್ಲಾ ಇರೋ ದೊಡ್ಡ ಗುಂಪು ಮತ್ತೆ ಕೂತು, ಹೆಸರಿನ ಸಮಸ್ಯೆ ಬಗ್ಗೆನೇ ಒಂದು ಒಮ್ಮತದ ಹೇಳಿಕೆ ತಂದ್ರು. ಈ ಆ್ಯಂಡರ್ಸನ್ ಇಂಟರ್ನೆಟ್ ಚಿಕಿತ್ಸೆಯ ಸಂಶೋಧನೇಲಿ ಜೀವನಾನೇ ಕಳೆದೋರು, ಅಂಥೋರೇ ನಮ್ಮ ಪದಗಳು ಸರಿ ಇಲ್ಲ ಅಂತ ಕೂತು ಬರೀಬೇಕಾಯ್ತು ಅಂದ್ರೆ ಯೋಚ್ನೆ ಮಾಡಿ.

ಬ್ರಿಟನ್ನಿನ ಒಂದು ಉದಾಹರಣೆ ಬೇಗ ಹೇಳಿ ಮುಂದೆ ಹೋಗ್ತೀನಿ. ಅಲ್ಲಿ ಯಾವ ಚಿಕಿತ್ಸೆ ಕೊಡ್ಬಹುದು ಅಂತ ಹೇಳೋ ನೈಸ್ ಅನ್ನೋ ಸಂಸ್ಥೆ 2006ರಲ್ಲಿ ಖಿನ್ನತೆಗೊಂದು, ಪ್ಯಾನಿಕ್ಕು ಫೋಬಿಯಾಗೊಂದು ಪ್ರೋಗ್ರಾಮನ್ನ ಒಪ್ಕೊಳ್ತು, ಆಗ ಅದರ ಹೆಸರು ಕಂಪ್ಯೂಟರೈಸ್ಡ್ ಸಿಬಿಟಿ. 2022ರ ಖಿನ್ನತೆಯ ಗೈಡ್‌ಲೈನಲ್ಲಿ ನೋಡಿದ್ರೆ ಡಿಜಿಟಲ್ ಪಾಠಗಳು ಗೈಡೆಡ್ ಸೆಲ್ಫ್ ಹೆಲ್ಪ್, ಅಂದ್ರೆ ಒಬ್ರ ಬೆಂಬಲದಲ್ಲಿ ತಾನೇ ಮಾಡ್ಕೊಳ್ಳೋದು, ಅನ್ನೋ ತಲೆಬರಹದ ಕೆಳಗೆ ಪುಸ್ತಕದ ಪಕ್ಕ ಬಂದು ಕೂತಿದಾವೆ. ಹಳೇ ಹೆಸರು ಹಾಕಿ ಹುಡುಕೋ ವಿದ್ಯಾರ್ಥಿಗೆ ಅರ್ಧ ಕಥೆ ಸಿಗತ್ತೆ, ಹೊಸ ಹೆಸರು ಹಾಕಿ ಹುಡುಕೋನಿಗೆ ಇನ್ನರ್ಧ.

ಇಲ್ಲಿ ಕೂತಿರೋರಲ್ಲಿ ಕಾಫಿ ಬೆಳೆಯೋರು ಎಷ್ಟು ಜನ ಇದೀರ? ಕೈ ಎತ್ತಿ. ನೋಡಿ, ಅರ್ಧ ಹಾಲ್. ನಿಮ್ಮನ್ನ ಯಾರಾದ್ರೂ ಬಂದು ಇವತ್ತು ಕಾಫಿ ರೇಟೆಷ್ಟು ಅಂತ ಬರೀ ಹಂಗೆ ಕೇಳಿದ್ರೆ ಏನಂತೀರ, ಯಾವ ಕಾಫಿ ಮಾರಾಯ್ರೇ ಅಂತೀರ. ಅರೇಬಿಕಾ ಪಾರ್ಚ್‌ಮೆಂಟಾ, ಅರೇಬಿಕಾ ಚೆರ್ರಿನಾ, ರೊಬಸ್ಟಾ ಪಾರ್ಚ್‌ಮೆಂಟಾ, ರೊಬಸ್ಟಾ ಚೆರ್ರಿನಾ. ಹಣ್ಣನ್ನ ಪಲ್ಪ್ ಮಾಡಿ ತೊಳೆದು ಒಣಗ್ಸಿದ್ರೆ ಒಂದು ಹೆಸರು, ಹಣ್ಣು ಹಂಗೇ ಕಣದಲ್ಲಿ ಒಣಗ್ಸಿದ್ರೆ ಇನ್ನೊಂದು ಹೆಸರು, 50 ಕೆಜಿ ಮೂಟೆ ಲೆಕ್ಕ, ಚೆರ್ರಿ ಆದ್ರೆ ಔಟ್‌ಟರ್ನ್, ಅಂದ್ರೆ ಸಿಪ್ಪೆ ತೆಗೆದ್ಮೇಲೆ ಬೀಜ, ಎಷ್ಟು ಬರತ್ತೆ ಅಂತ ಬೇರೆ ನೋಡ್ತಾರೆ. ಅಷ್ಟು ಹೇಳಿದ್ಮೇಲೇ ಸಕಲೇಶಪುರದ ರೇಟನ್ನ ಚಿಕ್ಕಮಗಳೂರಿನ ರೇಟಿನ ಪಕ್ಕ ಇಟ್ಟು ನೋಡಕ್ಕಾಗೋದು. ಎಲ್ಲಾ ಮೂಟೆ ಮೇಲೂ ಬರೀ "ಕಾಫಿ" ಅಂತ ಬರೆದು, ಎಲ್ಲಾ ರೇಟೂ ಕೂಡಿ ಭಾಗಿಸಿ, ಹಾಸನ ಜಿಲ್ಲೆಯ ಕಾಫಿ ಬೆಲೆ ಇಷ್ಟು ಅಂತ ಒಬ್ಬ ಹೇಳಿದ್ರೆ ಅವನ ಮಾತು ಕಟ್ಕೊಂಡು ಯಾರೂ ವ್ಯಾಪಾರ ಮಾಡಲ್ಲ.

ನಮ್ಮಲ್ಲಿ ಅದೇ ನಡೀತಿದೆ. ಸಂಶೋಧನೇಲಿ ಮೆಟಾ ಅನಾಲಿಸಿಸ್ ಅಂತ ಒಂದು ಕ್ರಮ ಇದೆ, ಬೇರೆ ಬೇರೆ ಕಡೆ ಮಾಡಿರೋ ಹತ್ತಾರು ಅಧ್ಯಯನಗಳನ್ನ ಒಟ್ಟಿಗೆ ಹಾಕಿ ಸರಾಸರಿ ಇಷ್ಟು ಉಪಯೋಗ ಆಗತ್ತೆ ಅಂತ ತೆಗೆಯೋದು. ಒಳ್ಳೇ ಕ್ರಮಾನೇ, ಆದ್ರೆ ಒಟ್ಟಿಗೆ ಹಾಕೋ ಮುಂಚೆ ಒಂದೇ ಜಾತಿ ಮೂಟೆನಾ ಅಂತ ಗೊತ್ತಿರ್ಬೇಕಲ್ಲ. ಜೊತೆಗೊಬ್ರು ಇರೋದು, ಇಲ್ಲದೇ ಇರೋದು, ಇದು ಸಣ್ಣ ವ್ಯತ್ಯಾಸ ಅಲ್ಲ. 2021ರಲ್ಲಿ ಎಯ್ರಿನಿ ಕಾರ್ಯೋಟಾಕಿ ಮತ್ತೆ ಅವರ ಜೊತೆಯೋರು ಇಂಟರ್ನೆಟ್ ಸಿಬಿಟಿ ಅಧ್ಯಯನಗಳಲ್ಲಿ ಭಾಗವಹಿಸಿದ್ದ ಒಬ್ಬೊಬ್ರ ಮಾಹಿತೀನೂ ಸೇರಿಸಿ ನೋಡಿದಾಗ ಕಂಡಿದ್ದು ಏನಂದ್ರೆ, ಖಿನ್ನತೆ ಸೌಮ್ಯವಾಗಿದ್ದೋರಿಗೆ ಮನುಷ್ಯರ ಜೊತೆ ಇದ್ರೂ ಇಲ್ದಿದ್ರೂ ಫಲಿತಾಂಶದಲ್ಲಿ ಅಂಥ ಫರಕು ಇಲ್ಲ, ಆದ್ರೆ ಮಧ್ಯಮ ಮತ್ತೆ ಅದಕ್ಕಿಂತ ಜಾಸ್ತಿ ಇದ್ದೋರಿಗೆ ಜೊತೆಗೊಬ್ರು ಇದ್ದಾಗ ಹೆಚ್ಚು ಉಪಯೋಗ. ಅಂದ್ರೆ ಆ ಸಕಲೇಶಪುರದ ಹುಡುಗಿಗೆ ಯಾವುದು ಬೇಕಿತ್ತು ಅನ್ನೋದು ಅವಳ ಖಿನ್ನತೆ ಎಷ್ಟಿದೆ ಅಂತ ನೋಡಿ ಹೇಳ್ಬೇಕಾದ ಮಾತು. ಆ್ಯಪಿನ ಹೆಸರಲ್ಲಿ ಮನುಷ್ಯರಿದಾರಾ ಇಲ್ವಾ ಅನ್ನೋದೇ ಕಾಣದೇ ಇದ್ರೆ ಹೆಂಗೆ ಹೇಳೋದು?

ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ. "ಜೊತೆಗೊಬ್ರು" ಅಂದೆ, ಆ ಒಬ್ರು ಯಾರು? 2010ರಲ್ಲಿ ಆಸ್ಟ್ರೇಲಿಯಾದಲ್ಲಿ ನಿಕೊಲಾಯ್ ತಿತೋವ್ ಮತ್ತೆ ಜೊತೆಯೋರು ಒಂದು ಪ್ರಯೋಗ ಮಾಡಿದ್ರು. ಇಂಟರ್ನೆಟ್ ಪಾಠ ಎಲ್ರಿಗೂ ಅದೇ, ಒಂದು ಗುಂಪಿಗೆ ಚಿಕಿತ್ಸಕರ ಬೆಂಬಲ, ಇನ್ನೊಂದು ಗುಂಪಿಗೆ ಟೆಕ್ನಿಷಿಯನ್ ಬೆಂಬಲ, ಅಂದ್ರೆ ಚಿಕಿತ್ಸೆ ಮಾತು ಆಡದೇ ಪಾಠ ಮುಗಿಸಿದ್ರಾ, ಹೆಂಗಿದೀರ, ಮುಂದುವರಿಸಿ ಅಂತ ಪ್ರೋತ್ಸಾಹ ಕೊಡೋರು. ಎರಡೂ ಗುಂಪಿಗೆ ಉಪಯೋಗ ಹತ್ತಿರ ಹತ್ತಿರ ಒಂದೇ ಥರ ಆಯ್ತು. ಇದು ನಮ್ಮಂಥ ಜಿಲ್ಲೆಗೆ ಎಷ್ಟು ದೊಡ್ಡ ಸುದ್ದಿ ಗೊತ್ತಾ? ತರಬೇತಿ ಕೊಟ್ರೆ ಇಲ್ಲಿ ಕೂತಿರೋ ಬಿಎಸ್‌ಡಬ್ಲ್ಯೂ ಹುಡುಗರೂ ಅಂಥ ಬೆಂಬಲ ಕೊಡಬಹುದು. ಆದ್ರೆ ಎರಡಕ್ಕೂ "ಗೈಡೆಡ್" ಅನ್ನೋ ಒಂದೇ ಪದ ಅಂಟಿಸ್ಬಿಟ್ರೆ ಯಾರು ಯಾವ ಕೆಲಸ ಮಾಡಿದ್ರು ಅನ್ನೋದೇ ಮುಚ್ಚೋಗತ್ತೆ, ಆಮೇಲೆ ಎಲ್ಲೋ ಒಂದು ಕಡೆ ಚಿಕಿತ್ಸಕರ ಕೆಲಸಾನೂ ಆ ಹುಡುಗರ ತಲೆಗೇ ಕಟ್ತಾರೆ.

ಈಗ ಕನ್ನಡಕ್ಕೆ ಬರೋಣ, ನನಗೆ ಇದೇ ಜಾಸ್ತಿ ಮುಖ್ಯ. ಇಂಗ್ಲಿಷಲ್ಲಿ ಗೊಂದಲ ಇರೋದು ಒಂದು ಪಾಲಾದ್ರೆ ನಮ್ಮಲ್ಲಿ ಎರಡು ಪಾಲು. ನಮ್ಮೂರಲ್ಲಿ ಪಿಯುಸಿ ಮುಗಿಸಿದ ಮಕ್ಕಳ ಮನೆಗೆ ಹೋಗಿ "ಮಗನಿಗೆ ಕೌನ್ಸೆಲಿಂಗ್ ಮಾಡ್ಸಿ" ಅಂತ ಹೇಳಿ ನೋಡಿ. "ಯಾವ ಕಾಲೇಜ್ ಸಿಗಬಹುದು ಮೇಡಂ" ಅಂತಾರೆ! ಕೌನ್ಸೆಲಿಂಗ್ ಅಂದ್ರೆ ಸಿಇಟಿ ಸೀಟು. ಮೇಷ್ಟ್ರುಗಳಿಗೆ ಹೇಳಿದ್ರೆ ವರ್ಗಾವಣೆ ಕೌನ್ಸೆಲಿಂಗು. ನಾನು ತಮಾಷೆಗೆ ಹೇಳ್ತಿಲ್ಲ, ಒಬ್ರು ತಂದೆ ಮಗನ ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು ಎಲ್ಲಾ ಕವರಲ್ಲಿ ಹಾಕ್ಕೊಂಡು ಅರಸೀಕೆರೆ ಕಡೆಯಿಂದ ಬಂದಿದ್ರು, ಮಗ ಮೂರು ವಾರದಿಂದ ಊಟ ಸರಿಯಾಗಿ ಮಾಡ್ತಿರ್ಲಿಲ್ಲ, ಸ್ಕೂಲಲ್ಲಿ ಕೌನ್ಸೆಲಿಂಗಿಗೆ ಕಳ್ಸಿ ಅಂದಿದ್ರಂತೆ.

ಸರಿ, ಕನ್ನಡದ್ದೇ ಪದ ಬಳಸೋಣ, ಆಪ್ತಸಮಾಲೋಚನೆ. ಎಷ್ಟು ಚೆನ್ನಾಗಿರೋ ಪದ. ಆದ್ರೆ ಸರ್ಕಾರಿ ಆಸ್ಪತ್ರೇಲಿ ಈ ಪದ ಜನರ ಕಣ್ಣಿಗೆ ಬಿದ್ದಿರೋದು ಎಲ್ಲಿ? ಐಸಿಟಿಸಿ ಬಾಗಿಲ ಮೇಲೆ, ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ ಅಂತ, ಎಚ್‌ಐವಿ ಪರೀಕ್ಷೆ ಮಾಡೋ ಕಡೆ. ಗರ್ಭಿಣಿಯರಾಗಿದ್ದಾಗ ಅಲ್ಲಿಗೆ ಹೋಗಿ ಬಂದಿರೋ ಹೆಂಗಸರಿಗೆ ಆ ಪದ ಕೇಳಿದ್ರೆ ಆ ಪರೀಕ್ಷೆನೇ ನೆನಪಾಗೋದು. ಆಶಾ ಅಕ್ಕಂದಿರು ತಲೆ ಆಡಿಸ್ತಿದೀರ, ನಿಮಗೆ ಗೊತ್ತು. "ಆನ್‌ಲೈನ್ ಆಪ್ತಸಮಾಲೋಚನೆ ಇದೆ ಕಣಮ್ಮ, ಬಾ" ಅಂತ ಸೊಸೆನ ಕರೆದ್ರೆ ಅತ್ತೆ ಮುಖ ಯಾಕೆ ಕಪ್ಪಾಗತ್ತೆ ಅಂತ ಬೆಂಗಳೂರಲ್ಲಿ ಕೂತು ಪೋಸ್ಟರ್ ಬರೆಯೋರಿಗೆ ಗೊತ್ತಾಗಲ್ಲ.

ಥೆರಪಿ ಅಂದ್ರೆ ಇಲ್ಲಿ ಫಿಸಿಯೋಥೆರಪಿ ಇಲ್ಲಾ ಕೀಮೋಥೆರಪಿ. ಬೇಲೂರು ಕಡೆ ಅಜ್ಜಿಯೊಬ್ರು ಮೊಮ್ಮಗಳಿಗೆ ಥೆರಪಿ ನಡೀತಿದೆ ಅಂತ ಕೇಳಿ, ಕ್ಯಾನ್ಸರ್ ಬಂದಿರೋದನ್ನ ನನ್ನಿಂದ ಮುಚ್ಚಿಡ್ತಿದಾರೆ ಅಂತ ಎರಡು ದಿನ ಅತ್ತಿದ್ರು. ಇನ್ನು ಸಿಬಿಟಿಗೆ ಕನ್ನಡದಲ್ಲೇ ಅರಿವಿನ ವರ್ತನೆಯ ಚಿಕಿತ್ಸೆ, ಸಂಜ್ಞಾನಾತ್ಮಕ ವರ್ತನಾ ಚಿಕಿತ್ಸೆ, ಅರಿವು ನಡವಳಿಕೆ ಚಿಕಿತ್ಸೆ ಅಂತ ಒಬ್ಬೊಬ್ರು ಒಂದೊಂದು ಬರೀತಾರೆ. ಮೂರೂ ಒಂದೇ ಅಂತ ಓದೋರಿಗೆ ಹೆಂಗೆ ಗೊತ್ತಾಗ್ಬೇಕು? ನನ್ನ ಅಭಿಪ್ರಾಯ ಕೇಳಿದ್ರೆ ಸಿಬಿಟಿ ಅಂತಲೇ ಬಿಟ್ಟು, ಅದು ಏನು ಮಾಡತ್ತೆ ಅನ್ನೋದನ್ನ ಕನ್ನಡದಲ್ಲಿ ಹೇಳೋದು ವಾಸಿ: ತಲೇಲಿ ತಾನಾಗೇ ಓಡೋ ಯೋಚನೆನ ಹಿಡಿದು, ಬರೆದು, ನಿಜಾನಾ ಅಂತ ಪರೀಕ್ಷೆ ಮಾಡಿ, ಅದಕ್ಕೆ ತಕ್ಕ ಹಾಗೆ ನಡವಳಿಕೆನ ಸ್ವಲ್ಪ ಸ್ವಲ್ಪ ಬದಲಾಯಿಸೋ ಅಭ್ಯಾಸ.

ಆಗ್ಲೇ ಮಾತ್ರೆ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಯಾರು ಯಾರು ಅನ್ನೋದೂ ಹೆಸರಿನ ಗಲಾಟೆನೇ. ಸೈಕಿಯಾಟ್ರಿಸ್ಟ್ ಅಂದ್ರೆ ಮನೋವೈದ್ಯರು, ಎಂಬಿಬಿಎಸ್ ಓದಿ ಮನೋವೈದ್ಯಕೀಯ ಓದಿರೋರು, ಮಾತ್ರೆ ಬರೆಯೋರು. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನೋ ಹೆಸರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೇಲಿ ಅರ್ಥ ಬರೆದಿದೆ, ಭಾರತೀಯ ಪುನರ್ವಸತಿ ಮಂಡಳಿ ಒಪ್ಪಿರೋ ಓದು ಇರ್ಬೇಕು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಮಾನಸಿಕ ಆರೋಗ್ಯ ನರ್ಸ್, ಇವರಿಗೂ ಅಲ್ಲಿ ಅರ್ಥ ಇದೆ. ಆದ್ರೆ "ಕೌನ್ಸೆಲರ್" ಅಂದ್ರೆ ಯಾರು ಅಂತ ಆ ಕಾಯ್ದೇಲಿ ಬರೆದಿಲ್ಲ, "ಥೆರಪಿಸ್ಟ್" ಅಂದ್ರೆ ಯಾರು ಅಂತಾನೂ ಇಲ್ಲ. ವೆಲ್‌ನೆಸ್ ಕೋಚ್ ಬಿಡಿ. 2021ರಲ್ಲಿ ಸಹವರ್ತಿ ಆರೋಗ್ಯ ವೃತ್ತಿಗಳಿಗೆ ಅಂತ ಬಂದ ಕಾಯ್ದೇಲಿ ವರ್ತನೆಗೆ ಸಂಬಂಧಪಟ್ಟ ಆರೋಗ್ಯ ವೃತ್ತಿಯೋರನ್ನೂ ಸೇರಿಸಿದಾರೆ.

ಟೆಲಿಮೆಡಿಸಿನ್ ಅನ್ನೋ ಪದಾನೂ ಹಂಗೇ. ಲಾಕ್‌ಡೌನ್ ಶುರುವಾದ ದಿನಾನೇ, 2020ರ ಮಾರ್ಚ್ 25ಕ್ಕೆ, ಕೇಂದ್ರದಿಂದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಅದು ರಿಜಿಸ್ಟರ್ ಆಗಿರೋ ವೈದ್ಯರಿಗೆ ಮಾತ್ರ ಬರೆದಿರೋದು. ನನ್ನಂಥ ಮಾತ್ರೆ ಬರೆಯದೋರು ವಿಡಿಯೋಲಿ ಮಾಡೋದು ಅದರ ಲೆಕ್ಕದಲ್ಲಿ ಬರಲ್ಲ, ಆದ್ರೂ ಎಷ್ಟೋ ಜನ "ಟೆಲಿಮೆಡಿಸಿನ್ ನಿಯಮದ ಪ್ರಕಾರ ಥೆರಪಿ" ಅಂತ ಹಾಕ್ಕೊಂಡಿರ್ತಾರೆ. ಅದೇ ಮಾರ್ಗಸೂಚೀಲಿ ಇನ್ನೊಂದು ಮಾತಿದೆ, ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ: ಕೃತಕ ಬುದ್ಧಿಮತ್ತೆಯ ವೇದಿಕೆಗಳು ತಾವೇ ರೋಗಿಗೆ ಸಲಹೆ ಕೊಡೋ ಹಾಗಿಲ್ಲ, ಔಷಧಿ ಬರೆಯೋ ಹಾಗಿಲ್ಲ. ಬಹುಶಃ ಅದಕ್ಕೇ ಇರಬೇಕು, ಎಷ್ಟೋ ಆ್ಯಪುಗಳು ಒಳಗೆ ಥೆರಪಿ ಅಂದ್ರೂ ಶರತ್ತಿನ ಪುಟದಲ್ಲಿ ನಾವು ಚಿಕಿತ್ಸೆ ಕೊಡಲ್ಲ, ಬರೀ ಸ್ವಾಸ್ಥ್ಯ ಅಂತ ಬರೆದಿರ್ತಾರೆ. ಆ ಪುಟಾನ ರಾತ್ರಿ ಎರಡು ಗಂಟೆಗೆ ಅಳ್ತಿರೋ ಹುಡುಗಿ ಓದ್ತಾಳಾ?

ಇದರಲ್ಲಿ ನನ್ನ ತಪ್ಪೂ ಇದೆ, ಹೇಳ್ಬಿಡ್ತೀನಿ. ಕೋವಿಡ್ ಟೈಮಲ್ಲಿ ಕೆಲವರಿಗೆ ವಿಡಿಯೋಲಿ ವಾರ ವಾರ ಮಾತಾಡ್ತಿದ್ದೆ, ಇನ್ನು ಕೆಲವರಿಗೆ ನೆಟ್‌ವರ್ಕ್ ಇಲ್ಲ ಅಂತ ವಾಟ್ಸಾಪಲ್ಲಿ ಅಭ್ಯಾಸದ ಹಾಳೆ ಕಳ್ಸಿ, ತುಂಬಿದ್ದನ್ನ ಫೋಟೋ ತೆಗೆದು ಕಳ್ಸಿದ್ರೆ ವಾಯ್ಸ್ ಮೆಸೇಜಲ್ಲಿ ಉತ್ತರ ಕೊಡ್ತಿದ್ದೆ. ಎರಡಕ್ಕೂ ನನ್ನ ಪುಸ್ತಕದಲ್ಲಿ ಬರ್ಕೊಂಡಿದ್ದು "ಆನ್‌ಲೈನ್ ಥೆರಪಿ" ಅಂತ. ವರ್ಷ ಆದ್ಮೇಲೆ ಯಾರಿಗೆ ಉಪಯೋಗ ಆಯ್ತು, ಯಾರು ಅರ್ಧಕ್ಕೆ ಬಿಟ್ರು ಅಂತ ನೋಡೋಣ ಅಂತ ಪುಸ್ತಕ ತೆಗೆದ್ರೆ ಯಾವುದು ಯಾವ್ದು ಅಂತ ನನಗೇ ಗೊತ್ತಾಗ್ಲಿಲ್ಲ. ಒಬ್ರು ಮೂಡಿಗೆರೆ ಗಡಿ ಕಡೆಯೋರು, ಎಸ್ಟೇಟಲ್ಲಿ ರೈಟ್ರು. ಲೈನ್ ಮನೆ ಹತ್ರ ಸಿಗ್ನಲ್ ಇಲ್ಲ, ಸ್ಕೂಟರ್ ತಗೊಂಡು ಮೇಲಿನ ತಿರುವಲ್ಲಿ ಒಂದು ಹಲಸಿನ ಮರದ ಕೆಳಗೆ ನಿಲ್ಸಿ ಅಲ್ಲಿಂದ ಮಾತಾಡೋರು. ವಿಡಿಯೋ ಶುರು ಆಗೋದು, ಐದು ನಿಮಿಷಕ್ಕೆ ಮುಖ ನಿಂತೋಗೋದು, ಆಡಿಯೋಗೆ ಬರೋದು, ಮಳೆ ಜೋರಾಗಿ ಕರೆಂಟ್ ಹೋದ್ರೆ ಟವರ್ರೂ ಹೋಗೋದು, ಆಮೇಲೆ ಉಳಿದಿದ್ದನ್ನ ರಾತ್ರಿ ಮೆಸೇಜಲ್ಲಿ ಬರೆಯೋರು. ದಾರೀಲಿ ಗೊತ್ತಿರೋರು ಬಂದ್ರೆ "ಹ್ಞೂಂ, ಗೊಬ್ಬರದ ಲೆಕ್ಕ ಕಳಿಸ್ತೀನಿ" ಅನ್ನೋರು, ನಾನು ಸುಮ್ನಾಗೋದು, ಅವರು ಹೋದ್ಮೇಲೆ "ಹೇಳಿ ಮೇಡಂ" ಅಂತ ಮುಂದುವರಿಸೋರು. ಇದಕ್ಕೆ ವಿಡಿಯೋ ಥೆರಪಿ ಅನ್ಬೇಕಾ, ಫೋನ್ ಥೆರಪಿನಾ, ಮೆಸೇಜಾ? ಈಗ ನಾನು ಹೆಸರು ಬರೆಯೋದು ಬಿಟ್ಟಿದೀನಿ, ನಡೆದಿದ್ದನ್ನ ಬರೀತೀನಿ: ವಿಡಿಯೋ 5 ನಿಮಿಷ, ಆಡಿಯೋ 25, ಮೆಸೇಜ್ 4, ಓದಿದ್ದು ನಾನೇ, ಉತ್ತರ ಮಾರನೇ ದಿನ. ತೊಂದ್ರೆ ಅನ್ಸತ್ತೆ, ಆದ್ರೆ ಒಂದು ನಿಮಿಷದ ಕೆಲಸ ಅದು.

ಮತ್ತೆ ಕಾಫಿಗೆ ಬರ್ತೀನಿ. ನೀವು ಅಂಗಡೀಲಿ ತರೋ ಕಾಫಿಪುಡಿ ಪ್ಯಾಕೆಟ್ ತಿರುಗಿಸಿ ನೋಡಿ. ಚಿಕೋರಿ ಹಾಕಿದ್ರೆ ಕಾಫಿ ಎಷ್ಟು ಪರ್ಸೆಂಟ್, ಚಿಕೋರಿ ಎಷ್ಟು ಪರ್ಸೆಂಟ್ ಅಂತ ಬರೆದಿರ್ಲೇಬೇಕು, ಕಾಫಿ 51ಕ್ಕಿಂತ ಕಮ್ಮಿ ಇರೋ ಹಾಗಿಲ್ಲ, ಅದು ಆಹಾರ ಸುರಕ್ಷತೆಯ ನಿಯಮ. ಚಿಕೋರಿ ಕುಡಿಯೋದು ತಪ್ಪಾ? ತಪ್ಪೇನಿಲ್ಲ, ನಮ್ಮನೇಲಿ 80-20 ಇಲ್ದಿದ್ರೆ ನನ್ನ ಗಂಡನಿಗೆ ಕಾಫಿ ಅಂತಲೇ ಅನ್ಸಲ್ಲ. ಆದ್ರೆ ಎಷ್ಟಿದೆ ಅಂತ ನೋಡಿ ತಗೊಳ್ಳೋ ಹಕ್ಕು ಕುಡಿಯೋನಿಗಿದೆ. ನಾನು ಕೇಳ್ತಿರೋದೂ ಅಷ್ಟೇ. ಆನ್‌ಲೈನಲ್ಲಿ ಮನಸ್ಸಿನ ವಿಷಯಕ್ಕೆ ಏನೇ ಕೊಡ್ಲಿ, ಅದರಲ್ಲಿ ಮನುಷ್ಯರೆಷ್ಟು, ಪ್ರೋಗ್ರಾಮೆಷ್ಟು, ಆ ಮನುಷ್ಯರು ಏನು ಓದಿದಾರೆ, ಮಾತು ಆಗಿಂದಾಗ್ಗೇ ನಡೆಯತ್ತಾ ಬರೆದಿಟ್ಟು ಕಾಯ್ಬೇಕಾ, ರಾತ್ರಿ ಜೀವಕ್ಕೆ ಅಪಾಯ ಅನ್ಸಿದ್ರೆ ಯಾರಿಗೆ ಫೋನ್ ಮಾಡ್ಬೇಕು, ಇಷ್ಟನ್ನ ಮೊದಲ್ನೇ ಸ್ಕ್ರೀನಲ್ಲೇ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೀಬೇಕು. ಬ್ಲೆಂಡೆಡ್ ಅಂತ ಹಾಕೋರು ಯಾವುದರ ಜೊತೆ ಯಾವುದನ್ನ ಎಷ್ಟು ಬೆರೆಸಿದೀವಿ ಅಂತ ಹೇಳ್ಬೇಕು. ಕಾಫಿಪುಡಿಗೆ ಇರೋ ನಿಯಮ ನಮ್ಮ ಮಕ್ಕಳ ಮನಸ್ಸಿಗೆ ಬೇಡ್ವಾ?

ಆ ಹುಡುಗಿ ಮುಂದೇನಾಯ್ತು ಅಂತ ಕೇಳ್ತೀರ. ಅವತ್ತು ಅವಳು ಹೋಗೋವಾಗ ಬಾಗಿಲ ಹತ್ರ ನಿಂತು, "ನೀವು ರಾತ್ರಿ ಎರಡು ಗಂಟೆಗೆ ರಿಪ್ಲೈ ಮಾಡ್ತೀರಾ" ಅಂತ ಕೇಳಿದ್ಲು. ಇಲ್ಲಮ್ಮ, ನಾನು ಮಲ್ಗಿರ್ತೀನಿ, ಬೆಳಗ್ಗೆ ಹತ್ತಕ್ಕೆ ನೋಡ್ತೀನಿ, ಆ ಹೊತ್ತಲ್ಲಿ ತಡ್ಕೊಳ್ಳಕ್ಕಾಗ್ದಿದ್ರೆ ಈ ನಂಬರಿಗೆ ಮಾಡು ಅಂತ ಬರ್ದುಕೊಟ್ಟೆ. ಎರಡು ವಾರ ಬಿಟ್ಟು ವಿಡಿಯೋಗೆ ಬಂದ್ಲು. ಮನೋವೈದ್ಯರನ್ನೂ ನೋಡಿ ಬಂದಿದ್ಲು. ಅವರಮ್ಮ ಇನ್ನೂ ಥೆರಪಿ ಅನ್ನಲ್ಲ, "ಮೇಡಂ ಹತ್ರ ಮಾತಾಡೋದು" ಅಂತಾರೆ. ನನಗೆ ಆ ಹೆಸರೇ ಸಾಕು, ಅದರಲ್ಲಿ ಯಾರು, ಏನು ಮಾಡ್ತಾರೆ, ಎರಡೂ ಇದೆ.

ಆ ನಂಬರ್ 14416, ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಅಂತ ಇರೋ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ದಿನದ 24 ಗಂಟೆ, ಉಚಿತ. ಇದರ ಬಗ್ಗೆ ಪ್ರಶ್ನೋತ್ತರದಲ್ಲಿ ಒಂದು ಒಳ್ಳೇ ಮಾತು ಬಂತು, ಅದನ್ನೂ ಇಲ್ಲಿ ಸೇರಿಸ್ತೀನಿ.

ಮುಂದಿನ ಸಾಲಲ್ಲಿ ಕೂತಿದ್ದ ಆಶಾ ಕಾರ್ಯಕರ್ತೆ ಎದ್ದು, "ಮೇಡಂ, ಇಷ್ಟೆಲ್ಲಾ ಹೇಳಿದ್ರಿ, ನಾಳೆ ನಾನು ಮನೆ ಮನೆಗೆ ಹೋದಾಗ ಏನಂತ ಹೇಳ್ಲಿ? ಟೆಲಿ ಮಾನಸ್ ಅಂದ್ರೆ ನಮ್ಮೋರಿಗೆ ತಿಳಿಯಲ್ಲ, ಆನ್‌ಲೈನ್ ಅಂದ್ರೆ ಫೋನ್‌ಪೇ ಅನ್ಕೊಳ್ತಾರೆ" ಅಂತ ಕೇಳಿದ್ರು. ನೀವೇ ಒಂದು ಸಲ ಹೇಳಿ ನೋಡೋಣ ಅಂದೆ. ಅವರು ಸೆರಗು ಸರಿ ಮಾಡ್ಕೊಂಡು, "ಮನಸ್ಸಿಗೆ ಕಷ್ಟ ಆದಾಗ ನಿಮ್ಹಾನ್ಸ್ ಡಾಕ್ಟ್ರ ಹತ್ರ ಫೋನಲ್ಲೇ ಮಾತಾಡ್ಬಹುದು" ಅಂದ್ರು. ಅಲ್ಲೇ ನಿಲ್ಸಿ ಅಕ್ಕ ಅಂದೆ. ಮೊದಲು ಫೋನ್ ಎತ್ತೋರು ತರಬೇತಿ ಆಗಿರೋ ಕೌನ್ಸೆಲರ್, ಅವರು ಮಾತಾಡಿ, ಬೇಕು ಅನ್ಸಿದ್ರೆ ಮುಂದೆ ತಜ್ಞರಿಗೆ ಕಳಿಸ್ತಾರೆ. ಡಾಕ್ಟ್ರು ಅಂತ ಹೇಳಿ ಕಳ್ಸಿದ್ರೆ, ಎತ್ತಿದೋರು ಡಾಕ್ಟ್ರಲ್ಲ ಅಂತ ಗೊತ್ತಾದ ತಕ್ಷಣ ಇಟ್ಬಿಡ್ತಾರೆ, ಇನ್ನೊಂದ್ಸಲ ಮಾಡಲ್ಲ. ಅವರು ಯೋಚ್ನೆ ಮಾಡಿ ಮತ್ತೆ ಹೇಳಿದ್ರು: "ಮನಸ್ಸಿಗೆ ಕಷ್ಟ ಆದಾಗ ಫೋನ್ ಮಾಡಕ್ಕೆ ಸರ್ಕಾರದ್ದು ಒಂದು ನಂಬರಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಮೊದ್ಲು ಎತ್ತೋರು ಡಾಕ್ಟ್ರಲ್ಲ, ಕಷ್ಟ ಕೇಳೋರು, ಬೇಕಾದ್ರೆ ಡಾಕ್ಟ್ರಿಗೆ ಕಳಿಸ್ತಾರೆ."

ನಾನು ಸರಿಯಾಗಿದೆ ಅನ್ನೋಷ್ಟರಲ್ಲಿ ಹಿಂದಿನ ಸಾಲಿಂದ ಇನ್ನೊಬ್ರು, ಸ್ವಲ್ಪ ವಯಸ್ಸಾದೋರು, ಕೂತಲ್ಲಿಂದಲೇ ಜೋರಾಗಿ ಹೇಳಿದ್ರು. "ಅದೂ ಸಾಲ್ದು ಮೇಡಂ. ಮೊದ್ಲು ಎತ್ತೋದು ಮಿಷನ್ನು. ಭಾಷೆ ಯಾವ್ದು ಅಂತ ಕೇಳತ್ತೆ. ನಮ್ಮತ್ತೆ ಅದನ್ನ ಕೇಳಿ ಕಂಪ್ನಿ ಕಾಲು ಅಂತ ಕಟ್ ಮಾಡಿದ್ರು." ಹೌದು, ಅದು ನನ್ನ ತಲೆಗೇ ಹೊಳೆದಿರ್ಲಿಲ್ಲ. ಮೊದಲ್ನೇ ಅಕ್ಕ ಡೈರಿ ತೆಗೆದು, ಬರ್ಕೊಂಡಿದ್ದರ ಮೇಲೆ ಒಂದು ಸಾಲು ಸೇರಿಸಿ, ನನಗೂ ಓದಿ ತೋರಿಸಿದ್ರು: "ಮೊದ್ಲು ಮಿಷನ್ ಭಾಷೆ ಕೇಳತ್ತೆ, ಕನ್ನಡದ ನಂಬರ್ ಒತ್ತಿ, ಕಟ್ ಮಾಡ್ಬೇಡಿ, ಆಮೇಲೆ ಮನುಷ್ಯರು ಬರ್ತಾರೆ."